ಶೆಡ್ಡಿನಲ್ಲಿ ನಿಂತ ರಾಜ್‌ದೂತ್ 350 ಎಬ್ಬಿಸಬೇಕು, ಅನುಭವ ಇದ್ದವರು ಹೇಳಿ

ಪೆರ್ಲದಿಂದ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಸೋದರಮಾವ 1986ರಲ್ಲಿ ತೆಗೆದುಕೊಂಡ ರಾಜ್‌ದೂತ್ 350 ಬೈಕ್ ನಮ್ಮ ಅಡಿಕೆ ಶೆಡ್ಡಿನ ಮೂಲೆಯಲ್ಲಿ ಗೋಣಿ ಹೊದ್ದು ನಿಂತಿದೆ. 2004ರ ಮಳೆಗಾಲದ ನಂತರ ಸ್ಟಾರ್ಟ್ ಆಗಿಲ್ಲ. ಈಗ ಕಿಕ್ಕರ್ ಕೂಡ ಇಳಿಯುವುದಿಲ್ಲ. ಗುಜರಿಯವರು ಎರಡು ಸಲ ಬಂದು ಕೇಳಿ ಹೋದರು. ಮಾವ ಕೊಡಲಿಲ್ಲ. "ಸರಿ ಮಾಡುವುದಾದರೆ ನೀನೇ ಇಟ್ಟುಕೋ" ಅಂದಿದ್ದಾರೆ.

ಜಪಾನಿನ ಹಳೆ ಸ್ಪೋರ್ಟ್ಸ್ ಕಾರು, ಬೈಕು ಅಂದರೆ ನನಗೆ ಕಾಲೇಜಿನ ದಿನದಿಂದಲೂ ಹುಚ್ಚು. ಆದರೆ ಪ್ಲಗ್ ಬದಲಿಸುವುದು ಬಿಟ್ಟರೆ ಕೈಕೆಲಸ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ? ಎಷ್ಟು ಖರ್ಚಾಗಬಹುದು? ಆರ್‌ಸಿ 2001ಕ್ಕೇ ಮುಗಿದಿದೆ. ಬೈಕ್ ಬಿಟ್ಟು ಒಂದು ಹಳೆ ಜಪಾನ್ ಕಾರಿಗೇ ದುಡ್ಡು ಕೂಡಿಡುವುದು ಒಳ್ಳೆಯದಾ ಅಂತಲೂ ಅನಿಸುತ್ತದೆ.

ಬದಿಯಡ್ಕದಿಂದ

ಮೊದಲು ಒಂದು ಮಾತು. ಆ ಕಿಕ್ಕರ್ ಮೇಲೆ ಇನ್ನು ಕಾಲಿಡಬೇಡಿ. ಗೇರಿಗೆ ಹಾಕಿ ತಳ್ಳುವುದೂ ಬೇಡ. ಇಷ್ಟು ವರ್ಷ ನಿಂತ ಎಂಜಿನ್‌ನಲ್ಲಿ ಪಿಸ್ಟನ್ ರಿಂಗ್ ಬೋರಿಗೆ, ಅಂದರೆ ಸಿಲಿಂಡರಿನ ಒಳಗೋಡೆಗೆ, ತುಕ್ಕಿನಲ್ಲಿ ಅಂಟಿರುತ್ತದೆ. ಬಲ ಹಾಕಿದರೆ ರಿಂಗ್ ಮುರಿಯುತ್ತದೆ, ಬೋರ್ ಗೀರುತ್ತದೆ. ಎರಡೂ ಪ್ಲಗ್ ತೆಗೆದು, ಡೀಸೆಲ್ ಮತ್ತು ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್) ಸಮ ಬೆರೆಸಿ ಸುರಿಯಿರಿ. ಒಂದು ವಾರ ಹಾಗೇ ಬಿಡಿ, ಮಧ್ಯೆ ಮತ್ತೆ ಸ್ವಲ್ಪ ಸುರಿಯಿರಿ. ನನ್ನದು ಹನ್ನೊಂದನೇ ದಿನ ಬಿಟ್ಟಿತು.

ನಿಮ್ಮ ಕೈಯಲ್ಲಿ ಇರುವುದು ಏನು ಅಂತ ಹೇಳುತ್ತೇನೆ. ಯಮಹಾ ಆರ್‌ಡಿ 350 ಜಪಾನಿನಲ್ಲಿ 1973ರಲ್ಲಿ ಬಂದ ಗಾಡಿ. 347 ಸಿಸಿ, ಎರಡು ಸಿಲಿಂಡರ್, ಟೂಸ್ಟ್ರೋಕ್, ಆರು ಗೇರ್. ಅಲ್ಲಿ ಅದು 39 ಎಚ್‌ಪಿ ಕೊಡುತ್ತಿತ್ತು. ಎಸ್ಕಾರ್ಟ್ಸ್‌ನವರು 1983ರಿಂದ ಅದನ್ನೇ ಇಲ್ಲಿ ರಾಜ್‌ದೂತ್ ಹೆಸರಿನಲ್ಲಿ ಮಾಡಿದರು. ನಮ್ಮ ಪೆಟ್ರೋಲಿಗೆ, ನಮ್ಮವರ ಮೈಲೇಜ್ ಚಿಂತೆಗೆ ಹೊಂದುವಂತೆ ಶಕ್ತಿ ಇಳಿಸಿದರು. ಮೊದಲು ಬಂದ ಹೈ ಟಾರ್ಕ್ ಮಾದರಿ ಸುಮಾರು 30 ಎಚ್‌ಪಿ, ಆಮೇಲಿನ ಲೋ ಟಾರ್ಕ್ ಸುಮಾರು 27. ಮುಂದಿನ ಡಿಸ್ಕ್ ಬ್ರೇಕ್ ತೆಗೆದು ಡ್ರಮ್ ಹಾಕಿದರು. ಆದರೂ ಆ ಕಾಲದಲ್ಲಿ ನಮ್ಮ ರಸ್ತೆಯಲ್ಲಿ ಅದರ ಮುಂದೆ ಹೋಗುವ ಬೈಕ್ ಇರಲಿಲ್ಲ. ನಿಮ್ಮದು ಹೈಯಾ ಲೋನಾ ಅಂತ ಮೊದಲು ತಿಳಿದುಕೊಳ್ಳಿ. ಗೊತ್ತಿಲ್ಲದೆ ಪಾರ್ಟ್ಸ್ ತರಿಸಿದರೆ ಒಂದರ ಬೋರ್, ಇನ್ನೊಂದರ ಸೈಲೆನ್ಸರ್ ಅಂತ ಬೆರಕೆಯಾಗಿ ಟ್ಯೂನಿಂಗ್ ಕೂರುವುದೇ ಇಲ್ಲ.

ಇನ್ನು ನಾನು ಮಾಡಿದ ತಪ್ಪು. ಅದನ್ನು ಹೇಳಲಿಕ್ಕಾಗಿಯೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

2016ರಲ್ಲಿ ನನ್ನ ಗಾಡಿಗೆ ಮೊದಲು ಪೆಯಿಂಟ್ ಮಾಡಿಸಿದೆ. ಸೈಲೆನ್ಸರಿಗೆ ಕ್ರೋಮ್ ಹಾಕಿಸಿದೆ. ಹೊಸ ಪಿಸ್ಟನ್ ಹಾಕಿ ಬೋರ್ ಮಾಡಿಸಿದೆ. ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡ) ಎರಡು ತುದಿಯ ಆಯಿಲ್ ಸೀಲ್ ಮಾತ್ರ ನೋಡಲು ಚೆನ್ನಾಗಿದೆ ಅಂತ ಹಾಗೇ ಬಿಟ್ಟೆ. ಅದನ್ನು ಬದಲಿಸಬೇಕಾದರೆ ಎಂಜಿನ್ ಕೇಸ್ ಪೂರ್ತಿ ಬಿಚ್ಚಬೇಕು, ಮೇಲಿನಿಂದ ಎಳೆದು ತೆಗೆಯುವಂಥದ್ದಲ್ಲ. ಅಷ್ಟು ತಾಳ್ಮೆ ಆಗ ಇರಲಿಲ್ಲ. ಮೂರನೇ ವಾರ ಕಲ್ಲಡ್ಕ ರಸ್ತೆಯಲ್ಲಿ ಹೊರಟೆ. ಅಡ್ಕಸ್ಥಳ ದಾಟಿ ಸ್ವಲ್ಪ ದೂರದಲ್ಲಿ ಎಡಗಡೆಯ ಪಿಸ್ಟನ್ ಜಾಮ್. ಹಿಂದಿನ ಚಕ್ರ ಎಳೆದು ನಿಂತಿತು. ಕ್ಲಚ್ ಮೇಲೆ ಕೈ ಇದ್ದದ್ದರಿಂದ ಬಿದ್ದಿಲ್ಲ.

ಕಾರಣ ಇಷ್ಟೇ. ಟೂಸ್ಟ್ರೋಕ್‌ನಲ್ಲಿ ಪೆಟ್ರೋಲ್ ಮತ್ತು ಗಾಳಿ ಮೊದಲು ಕ್ರ್ಯಾಂಕ್ ಇರುವ ಜಾಗಕ್ಕೇ ಬರುತ್ತದೆ, ಅಲ್ಲಿಂದ ಮೇಲೆ ಹೋಗುತ್ತದೆ. ಎಡಗಡೆ ಸೀಲ್ ಗಟ್ಟಿಯಾಗಿ ಬಿರುಕು ಬಿಟ್ಟರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ. ಪಿಸ್ಟನ್ ಕಾದು ಹಿಡಿಯುತ್ತದೆ. ಬಲಗಡೆ ಕ್ಲಚ್ ಇದೆ. ಆ ಸೀಲ್ ಹೋದರೆ ಗೇರ್ ಆಯಿಲನ್ನು ಎಂಜಿನ್ ಕುಡಿಯುತ್ತದೆ, ಬಿಳಿ ಹೊಗೆ ಬಿಡುತ್ತದೆ. ಹೊಗೆ ಬಂದರೆ ಗೊತ್ತಾಗುತ್ತದೆ. ಎಡಗಡೆಯದ್ದು ಅಷ್ಟು ಸುಲಭವಾಗಿ ಸುಳಿವು ಕೊಡುವುದಿಲ್ಲ.

ಎರಡನೇ ಸಲ ಕಟ್ಟಿದ ಮೇಲೆ ಎಂಜಿನ್ನಿನಿಂದ ಗಾಳಿ ಸೋರುತ್ತದಾ ಅಂತ ಪರೀಕ್ಷೆ ಮಾಡಿಯೇ ಫ್ರೇಮಿಗೆ ಏರಿಸಿದೆ. ಹಳೆಯ ಬಿಪಿ ಮೆಷಿನ್ ಮನೆಯಲ್ಲಿ ಇದ್ದರೆ ಸಾಕು. ಎಂಜಿನ್ನಿಗೆ ಸೈಲೆನ್ಸರ್ ಕೂರುವ ಬಾಯಿ ಎರಡನ್ನೂ ಟ್ಯೂಬ್ ರಬ್ಬರ್ ಇಟ್ಟು ಮುಚ್ಚಿ. ಒಂದು ಕಾರ್ಬ್ಯುರೇಟರ್ ಜಾಗ ಮುಚ್ಚಿ, ಇನ್ನೊಂದರಿಂದ ಬಿಪಿ ಬಲ್ಬಿನಲ್ಲಿ ಗಾಳಿ ಒತ್ತಿ. ಪ್ಲಗ್ ಹಾಕಿಯೇ ಇರಲಿ. ಮುಳ್ಳು 300ಕ್ಕೆ ಬರಲಿ, ಅದು ಸುಮಾರು 6 ಪಿಎಸ್‌ಐ. ಆರು ನಿಮಿಷ ಅಲ್ಲೇ ನಿಂತರೆ ಎಂಜಿನ್ ಗಟ್ಟಿ. ಇಳಿದರೆ ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲಿ ಬರುತ್ತದೆ ನೋಡಿ. ನನ್ನ ಪ್ರಕಾರ ಈ ಪರೀಕ್ಷೆ ಆಗದ ಎಂಜಿನ್‌ಗೆ ಪೆಟ್ರೋಲ್ ತೋರಿಸಲೇ ಬಾರದು.

ಕೇಸ್ ಬಿಚ್ಚಿದ ಮೇಲೆ ಕ್ರ್ಯಾಂಕನ್ನೂ ನೋಡಿಸಿ. ನಮ್ಮೂರಿನ ಆಟಿ ತಿಂಗಳ ತೇವ ಹೇಗೆ ಅಂತ ನಿಮಗೆ ಗೊತ್ತಲ್ವಾ. ಬೇರಿಂಗಿನ ಗುಂಡುಗಳಲ್ಲಿ ಚುಕ್ಕೆ ಚುಕ್ಕೆ ತುಕ್ಕು ಬಂದಿರುತ್ತದೆ. ಈ ಕ್ರ್ಯಾಂಕ್ ಪ್ರೆಸ್ ಮಾಡಿ ಕೂರಿಸಿದ್ದು. ಬಿಚ್ಚಿ ಜೋಡಿಸಿದ ಮೇಲೆ ಡಯಲ್ ಗೇಜ್ ಇಟ್ಟು, ತಿರುಗುವಾಗ ಓಲಾಡದ ಹಾಗೆ ಸರಿ ಮಾಡಬೇಕು. ಸುತ್ತಿಗೆಯಲ್ಲಿ ಅಂದಾಜಿಗೆ ಬಡಿಯುವವರ ಕೈಗೆ ಕೊಡಬೇಡಿ. ನಾನು ಮಂಗಳೂರಿನ ಒಂದು ಲೇತಿನಲ್ಲಿ ಮಾಡಿಸಿದೆ, ಎರಡು ದಿನ ಪಕ್ಕದಲ್ಲೇ ಕೂತೆ.

ಟ್ಯಾಂಕಿಗೆ ನಾನು ಬಳಸಿದ್ದು ಬಿಂಬುಳಿ. ರುಬ್ಬಿ ರಸ ಹಿಂಡಿ ಟ್ಯಾಂಕಿಗೆ ತುಂಬಿ, ಒಂದು ಹಿಡಿ ನಟ್ಟುಗಳನ್ನು ಹಾಕಿ, ಆಗಾಗ ಕುಲುಕಿಸಿ ಎರಡು ರಾತ್ರಿ ಇಟ್ಟೆ. ಅದರ ಹುಳಿಯಲ್ಲಿ ಆಕ್ಸಾಲಿಕ್ ಆಮ್ಲ ಇದೆ, ತುಕ್ಕು ಚೆನ್ನಾಗಿ ಬಿಡುತ್ತದೆ. ಆಮೇಲೆ ಸೋಡಾ ಪುಡಿ ನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಕೂಡಲೇ ಒಳಗೆಲ್ಲ ಎಣ್ಣೆ ಹರಿಸಬೇಕು. ತಡ ಮಾಡಿದರೆ ಅದೇ ದಿನ ಮತ್ತೆ ಕೆಂಪಾಗುತ್ತದೆ.

ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಎಥನಾಲ್ ಇದೆ. ಅದು ನೀರು ಹೀರುತ್ತದೆ, ಹಳೆ ರಬ್ಬರನ್ನು ಊದಿಸುತ್ತದೆ. ಪೆಟ್ರೋಲ್ ಕಾಕಿನ ವಾಷರ್, ಪೈಪ್, ಕಾರ್ಬ್ಯುರೇಟರಿನ ರಿಂಗು ಎಲ್ಲ ಹೊಸತು ಹಾಕಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬ್ಯುರೇಟರ್ ಖಾಲಿ ಮಾಡಿ. ಆಯಿಲ್ ಪಂಪ್ ಸರಿ ಇದೆ ಅಂತ ಕಣ್ಣಾರೆ ನೋಡುವ ತನಕ ಪೆಟ್ರೋಲಿಗೇ ಲೀಟರಿಗೆ 40 ಮಿಲಿ ಟೂಟಿ ಆಯಿಲ್ (ಟೂಸ್ಟ್ರೋಕ್ ಗಾಡಿಯ ಆಯಿಲ್) ಬೆರೆಸಿ.

ಸ್ಪಾರ್ಕ್ ಹೊಡೆಸುವ ಪಾಯಿಂಟ್ ಎರಡು ಜೊತೆ ಇವೆ, ಗ್ಯಾಪ್ 0.35 ಮಿಮೀ ಆಸುಪಾಸು. ಪ್ಲಗ್ ಬಿ8ಎಚ್‌ಎಸ್. ಬ್ಯಾಟರಿ ಒಳ್ಳೆಯದಿರಲಿ. ಇದರಲ್ಲಿ ಬ್ಯಾಟರಿ ಸತ್ತರೆ ಸ್ಪಾರ್ಕ್ ಕೂಡ ಇಲ್ಲ.

ಖರ್ಚು ಕೇಳಿದಿರಿ. ನನಗೆ ಎರಡನೇ ಸಲದ್ದೂ ಸೇರಿ 1,80,000 ದಾಟಿತು. ಮೊದಲೇ ಸೀಲ್ ಹಾಕಿದ್ದರೆ ಅದರಲ್ಲಿ 40,000 ಉಳಿಯುತ್ತಿತ್ತು. ಎರಡೂವರೆ ವರ್ಷ ಹಿಡಿಯಿತು. ಅಡಿಕೆ ಮಾರಿದಾಗ ಸ್ವಲ್ಪ ಸ್ವಲ್ಪ ಮಾಡಿದೆ.

ಕುಂಬಳೆಯಿಂದ

ಕಾರಿನ ಬಗ್ಗೆ ನಾನು ಹೇಳುತ್ತೇನೆ ತಮ್ಮಾ. ಶಾರ್ಜಾದಲ್ಲಿ 14 ವರ್ಷ ಇದ್ದೆ. ಅಲ್ಲಿ 1990ರ ಮಜ್ದಾ ಎಂಎಕ್ಸ್-5 ಒಂದನ್ನು ತೆಗೆದು ಆರು ವರ್ಷ ಇಟ್ಟುಕೊಂಡಿದ್ದೆ. 1.6 ಲೀಟರ್ ಎಂಜಿನ್, ಎರಡೇ ಸೀಟು, ಹೆಡ್‌ಲೈಟ್ ಎದ್ದು ನಿಲ್ಲುವಂಥದ್ದು, ತೂಕ ಒಂದು ಟನ್ನಿಗಿಂತ ಕಡಿಮೆ. 1989ರಲ್ಲಿ ಮಜ್ದಾದವರು ಅದನ್ನು ತಂದಾಗ ಅಂಥ ಸಣ್ಣ ತೆರೆದ ಕಾರುಗಳನ್ನು ಮಾಡುವುದನ್ನು ಉಳಿದವರು ಹೆಚ್ಚುಕಡಿಮೆ ಬಿಟ್ಟೇ ಬಿಟ್ಟಿದ್ದರು. ಶುಕ್ರವಾರ ಬೆಳಿಗ್ಗೆ ಅದರಲ್ಲಿ ಕೂತು ಹೋದ ಸುಖ ನನಗೆ ಬೇರೆ ಯಾವ ಗಾಡಿಯಲ್ಲೂ ಸಿಕ್ಕಿಲ್ಲ.

ಆದರೆ ಊರಿಗೆ ತರಲು ಆಗಲಿಲ್ಲ. ಬಳಸಿದ ಕಾರು ತರಬೇಕಾದರೆ ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟಿಯರಿಂಗ್ ಬಲಗಡೆ ಇರಬೇಕು. ನನ್ನದು ಎರಡರಲ್ಲೂ ಹೊರಗೆ. 2019ರಲ್ಲಿ ಅಲ್ಲೇ ಒಬ್ಬ ಹುಡುಗನಿಗೆ ಕೊಟ್ಟು ಬಂದೆ. ಹಾಗಾಗಿ ಕಾರಿಗೆ ದುಡ್ಡು ಕೂಡಿಡುವ ಯೋಚನೆ ಈಗ ಬೇಡ. ಜಪಾನಿನ ಆ ಕಾಲದ ಸ್ಪೋರ್ಟ್ಸ್ ಗಾಡಿ ಒಂದು ನಮ್ಮ ದೇಶದಲ್ಲೇ ತಯಾರಾಗಿ, ನಿಮ್ಮ ಮನೆಯಲ್ಲೇ ಇದೆಯಲ್ಲ. ಅದಕ್ಕಿಂತ ದೊಡ್ಡದು ಏನು ಬೇಕು?

ಆ ಕಾರು ನನಗೆ ಕಲಿಸಿದ್ದು ನೀರಿನ ದಾರಿ ನೋಡುವುದು. ಎಂಎಕ್ಸ್-5ರಲ್ಲಿ ಬಟ್ಟೆಯ ಟಾಪಿನ ನೀರು ಇಳಿಯಲು ಸೀಟಿನ ಹಿಂದೆ ಎರಡು ಸಣ್ಣ ತೂತು ಇರುತ್ತವೆ. ಮರಳು ಕಟ್ಟಿಕೊಂಡರೆ ತೊಳೆದ ನೀರು ಬಾಗಿಲ ಕೆಳಗಿನ ತಗಡಿನೊಳಗೆ ನಿಂತು, ಒಳಗಿನಿಂದ ತಿನ್ನುತ್ತದೆ. ಮರುಭೂಮಿಯಲ್ಲಿ ತುಕ್ಕು ಎಲ್ಲಿಂದ ಅಂತ ನಾನು ಪರೀಕ್ಷೆಯನ್ನೇ ಮಾಡಿರಲಿಲ್ಲ. ನಿಮ್ಮ ಬೈಕಿನಲ್ಲೂ ಹೊರಗೆ ಹೊಳೆಯುವುದನ್ನು ಬಿಟ್ಟು ನೀರು ಕೂರುವ ಜಾಗ ನೋಡಿ. ಬ್ಯಾಟರಿ ಇಡುವ ತಟ್ಟೆ, ಮಡ್‌ಗಾರ್ಡಿನ ಒಳಬದಿ, ಸೈಲೆನ್ಸರಿನ ತಳ, ಸ್ಟ್ಯಾಂಡ್ ಕೂರುವ ಬುಡ. ಮತ್ತೆ ಆ ಗೋಣಿ ಇವತ್ತೇ ತೆಗೆಯಿರಿ. ಅದು ತೇವ ಹಿಡಿದಿಡುತ್ತದೆ. ತೆಳು ಹತ್ತಿ ಬಟ್ಟೆ ಹೊದೆಸಿ, ಗಾಳಿಯಾಡಲಿ.

ಮಂಜೇಶ್ವರದಿಂದ

ಆರ್‌ಸಿ ಬಗ್ಗೆ. ಸ್ಪ್ಯಾನರ್ ಹಿಡಿಯುವ ಮೊದಲು ಇದನ್ನು ಮಾಡಿ.

1986ರ ಗಾಡಿ ಅಂದರೆ ಕೆಎಲ್ 14 ಶುರುವಾಗುವ ಮೊದಲಿನ ನಂಬರ್. ಆಗ ಕಾಸರಗೋಡು ಜಿಲ್ಲೆಗೇ ಎರಡು ವರ್ಷ. ಇಂಥ ಗಾಡಿಯ ವಿವರ ಕಂಪ್ಯೂಟರಿಗೆ ಏರಿರುವುದೇ ಇಲ್ಲ ಅನ್ನುವುದು ತುಂಬ ಸಲ ಆಗುತ್ತದೆ. ಹಳೆ ಆರ್‌ಸಿ ಪುಸ್ತಕ ಹಿಡಿದುಕೊಂಡು ಆರ್‌ಟಿ ಆಫೀಸಿಗೆ ಹೋಗಿ, ಮೊದಲು ವಿವರ ಏರಿಸಲು ಕೇಳಿ. ಆಮೇಲೆ ಫಾರಂ 25ರಲ್ಲಿ ಆರ್‌ಸಿ ನವೀಕರಣ, ಅದು ಐದು ವರ್ಷಕ್ಕೆ ಸಿಗುತ್ತದೆ. ಬಾಕಿ ತೆರಿಗೆ, ಹಸಿರು ತೆರಿಗೆ ಕಟ್ಟಬೇಕು. ಓಡಿಸುತ್ತಿಲ್ಲ ಅಂತ ಮಾವ ಆಗ ಫಾರಂ ಜಿ ಕೊಟ್ಟಿದ್ದರೆ ಅದರ ರಸೀದಿ ಹುಡುಕಿ, ಉಪಯೋಗಕ್ಕೆ ಬರುತ್ತದೆ. ಹೆಸರು ಬದಲಿಸಲು ಫಾರಂ 29 ಮತ್ತು 30. ಮಾವ ಸಹಿ ಹಾಕುವ ಹಾಗಿರುವಾಗಲೇ ಮಾಡಿಸಿ. ನಮ್ಮ ಮನೆಯಲ್ಲಿ ಅಜ್ಜ ತೀರಿಹೋದ ಮೇಲೆ ಅವರ ಜೀಪಿಗಾಗಿ ನಾಲ್ಕು ಜನ ವಾರಸುದಾರರ ಸಹಿ ಕೂಡಿಸಲು ಒಂದೂವರೆ ವರ್ಷ ಓಡಾಡಿದ್ದೇನೆ.

"ವಿಂಟೇಜ್ ನಂಬರ್ ಮಾಡಿಸಿ" ಅಂತ ಯಾರಾದರೂ ಹೇಳಬಹುದು. 2021ರ ನಿಯಮದಲ್ಲಿ ಅದು ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗೆ ಮಾತ್ರ. ನಿಮಗೆ 2036ರ ತನಕ ಇಲ್ಲ.

ಇನ್ನೊಂದು ಮುಖ್ಯ. ಹ್ಯಾಂಡಲ್ ಕೆಳಗಿನ ಕೊಳವೆಯ ಮೇಲೆ ಚಾಸಿ ನಂಬರ್ ಕೆತ್ತಿರುತ್ತದೆ. ಪೆಯಿಂಟಿನವರು ಅದರ ಮೇಲೆ ಪುಟ್ಟಿ ತುಂಬಿಸಿದರೆ, ಮರಳು ಹೊಡೆದು ಸವೆಸಿದರೆ, ಇನ್ಸ್‌ಪೆಕ್ಟರ್ ಪೆನ್ಸಿಲಿನಲ್ಲಿ ಅಚ್ಚು ತೆಗೆಯುವಾಗ ಏನೂ ಕಾಣುವುದಿಲ್ಲ. ಫ್ರೇಮ್ ಕೊಡುವ ಮೊದಲು ನೀವೇ ಅಲ್ಲಿಗೆ ಟೇಪ್ ಸುತ್ತಿ ಕೊಡಿ.

ಮುಳ್ಳೇರಿಯದಿಂದ

ನನ್ನದು ಆರ್‌ಎಕ್ಸ್ 100, ಇಷ್ಟು ದೊಡ್ಡದಲ್ಲ. ಆದರೂ ಒಂದು ಮಾತು. ಪೆಯಿಂಟ್ ಪೂರ್ತಿ ಹೋಗಿಲ್ಲದಿದ್ದರೆ ಹೊಸ ಪೆಯಿಂಟ್ ಹೊಡೆಸಲೇ ಬೇಡಿ. ನಾನು ಹೊಡೆಸಿದೆ. ಟ್ಯಾಂಕಿನ ಮೇಲೆ ಅಪ್ಪನ ಮೊಣಕಾಲು ತಾಗಿ ಸವೆದ ಜಾಗ ಇತ್ತು. ಈಗ ಅದು ಇಲ್ಲ. ಬಣ್ಣ ಚೆನ್ನಾಗಿಯೇ ಇದೆ, ನೋಡಿದವರು ಹೊಗಳುತ್ತಾರೆ, ಆದರೆ ಆ ಜಾಗ ಹೋಯಿತು.

ಕೈಕೆಲಸ ಕಲಿಯಲು ಮೊದಲು ಕಾರ್ಬ್ಯುರೇಟರ್ ಒಂದನ್ನು ಬಿಚ್ಚಿ. ಎರಡನ್ನೂ ಒಟ್ಟಿಗೆ ಬಿಚ್ಚಬೇಡಿ. ಜೋಡಿಸುವಾಗ ಅನುಮಾನ ಬಂದರೆ ಇನ್ನೊಂದನ್ನು ನೋಡಬಹುದು.

ಬದಿಯಡ್ಕದಿಂದ, ಮತ್ತೆ

ಮುಳ್ಳೇರಿಯದವರು ಹೇಳಿದ್ದು ಸರಿ. ನನಗೆ ಇದು ಹೊಳೆದೇ ಇರಲಿಲ್ಲ. ಬಿಚ್ಚಿದ ಹಳೆ ಪಾರ್ಟ್ಸ್ ಯಾವುದನ್ನೂ ಎಸೆಯಬೇಡಿ ಅನ್ನುವುದನ್ನೂ ಸೇರಿಸುತ್ತೇನೆ. ಹೊಸತು ಕೂರದಿದ್ದಾಗ ಅಳತೆಗೆ ಹಳೆಯದೇ ಬೇಕು. ಪೇಟೆಯಲ್ಲಿ ಸಿಗುವ ಎಷ್ಟೋ ಬದಲಿ ಪಾರ್ಟ್ಸ್ ಅಳತೆಗೆ ಸರಿಯಾಗಿರುವುದಿಲ್ಲ.

ಮತ್ತೆ, ಗಾಡಿ ಎದ್ದ ಮೇಲೆ ವಾರಕ್ಕೊಮ್ಮೆ ಅಂಗಳದಲ್ಲಿ ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವ ಅಭ್ಯಾಸ ಬೇಡ. ಸೈಲೆನ್ಸರಿನಲ್ಲಿ, ಕೇಸಿನಲ್ಲಿ ನೀರು ಕೂರುತ್ತದೆ. ಹದಿನೈದು ದಿನಕ್ಕೊಮ್ಮೆಯಾದರೂ ಸರಿ, ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಿ ಬನ್ನಿ.

ಪೆರ್ಲದಿಂದ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಗೋಣಿ ನಿನ್ನೆಯೇ ತೆಗೆದೆ. ಸೀಟಿನ ಕೆಳಗೆ ಇಲಿ ಗೂಡು, ವೈರಿಂಗ್ ಪೂರ್ತಿ ತಿಂದಿವೆ. ಪ್ಲಗ್ ತೆಗೆದು ಡೀಸೆಲ್, ಎಟಿಎಫ್ ಸುರಿದೆ. ಎಡಗಡೆಯ ಸಿಲಿಂಡರಿನಲ್ಲಿ ಬೆಳಿಗ್ಗೆ ಹೊತ್ತಿಗೆ ಸ್ವಲ್ಪ ಇಳಿದಿತ್ತು, ಬಲಗಡೆ ಹಾಗೇ ಇದೆ. ಚಾಸಿ ನಂಬರ್ ಒರೆಸಿ ನೋಡಿದೆ, ಆರ್‌ಸಿಗೆ ಸರಿ ಹೊಂದುತ್ತದೆ. ಫಾರಂ ಜಿ ಬಗ್ಗೆ ಕೇಳಿದ್ದಕ್ಕೆ ಮಾವ ಅಡಿಕೆ ಲೆಕ್ಕದ ಹಳೆ ಪುಸ್ತಕಗಳ ಕಟ್ಟು ಬಿಚ್ಚಿ ಕೂತಿದ್ದಾರೆ. ರಸೀದಿ ಇನ್ನೂ ಸಿಕ್ಕಿಲ್ಲ. ಗಾಡಿ ಕೊಂಡಾಗಿನ ಬಿಲ್ ಸಿಕ್ಕಿತು.