ಪದಚರ್ಚೆ: ‘ನಿಧಾನ ಬಿಡುಗಡೆ’ ಸಾಕೇ, ‘ಒಸರು’ ಬೇಕೇ?

ಎಲ್ಲರಿಗೂ ನಮಸ್ಕಾರ.

ಸ್ಕಿಜೋಫ್ರೇನಿಯಾದಂಥ ಮಾನಸಿಕ ಕಾಯಿಲೆಗೆ ಕೊಡುವ ರಿಸ್ಪರ್ಡಾಲ್ ಕಾನ್ಸ್ಟಾ ಇಂಜೆಕ್ಷನ್ ತೆಗೆದುಕೊಳ್ಳುವವರ ಮನೆಮಂದಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ‘ಸಸ್ಟೇನ್ಡ್ ರಿಲೀಸ್’ಗೆ ‘ನಿಧಾನ ಬಿಡುಗಡೆ’ ಎಂದು ಹಾಕಿದ್ದೆ. ಕರಡು ಓದಿದ ನಮ್ಮ ಅತ್ತಿಗೆ ಕೇಳಿದರು: “ಇವತ್ತಿಂದ್ಲೇ ಸ್ವಲ್ಪಸ್ವಲ್ಪ ಬಿಡ್ತಾ ಹೋಗತ್ತೆ ಅಂದ್ಮೇಲೆ ಮಾತ್ರೆ ಯಾಕೆ ನುಂಗ್ಬೇಕು?”

ನನ್ನ ಪದ ಅಲ್ಲಿಗೆ ಸೋತಿತು. ಈ ಮದ್ದು ಮೊದಲ ದಿನ ಶೇ 1ಕ್ಕಿಂತ ಕಡಿಮೆ ಹೊರಬರುತ್ತದೆ. ನಿಜವಾದ ಹರಿವು ಶುರುವಾಗುವುದು 3 ವಾರ ಕಳೆದ ಮೇಲೆ. 4ರಿಂದ 6ನೇ ವಾರದವರೆಗೆ ನಿಂತು, 7ನೇ ವಾರಕ್ಕೆ ಇಳಿಯುತ್ತದೆ. ಮೊದಲ ಮೂರು ವಾರ ಮಾತ್ರೆ ಬಿಟ್ಟರೆ ಕಾಯಿಲೆ ಮರುಕಳಿಸುವ ಭಯವಿದೆ. ಹಾಗಾಗಿ ಇದು ಬರೀ ಪದದ ಮಾತಲ್ಲ.

ಮದ್ದನ್ನು ಹಿಡಿದಿಟ್ಟಿರುವುದು ಪಿಎಲ್‌ಜಿಎ ಎಂಬ ಪಾಲಿಮರ್‌ನ ತೀರಾ ಸಣ್ಣ ಗುಂಡುಗಳು. ಲ್ಯಾಕ್ಟೈಡ್, ಗ್ಲೈಕೊಲೈಡ್ ಎಂಬ ಎರಡು ಘಟಕ ಸೇರಿ ಆಗಿರುವ ಪಾಲಿಮರ್ ಅದು. ಅದರಲ್ಲಿ ಲ್ಯಾಕ್ಟೈಡ್ ಹೆಚ್ಚಿದ್ದರೆ ನೀರು ಒಳನುಗ್ಗುವುದು ತಡ; ಗ್ಲೈಕೊಲೈಡ್ ಜೊತೆ ಸರಿಸಮವಾಗಿ 50:50 ಇದ್ದರೆ ಬೇಗ ಒಡೆಯುತ್ತದೆ. ಇಲ್ಲಿರುವುದು 75:25, ಅಂದರೆ ಲ್ಯಾಕ್ಟೈಡ್ ಮುಕ್ಕಾಲು ಪಾಲು. ಆದರೆ ಅದೇ 75:25ರ, ಕುಡಿತದಂಥ ಚಟ ಬಿಡಿಸಲು ಕೊಡುವ ನಾಲ್ಟ್ರೆಕ್ಸೋನ್ ಇಂಜೆಕ್ಷನ್‌ನಲ್ಲಿ ಸುಮಾರು 2 ಗಂಟೆಗೇ ರಕ್ತದಲ್ಲಿ ಮದ್ದು ಒಮ್ಮೆ ಏರುತ್ತದೆ, 2–3 ದಿನಕ್ಕೆ ಮತ್ತೊಮ್ಮೆ! ಪಾಲಿಮರ್‌ನ ಸರಪಳಿ ಎಷ್ಟು ಉದ್ದ, ಗುಂಡಿನಲ್ಲಿ ಮದ್ದು ಎಷ್ಟು, ಹೊರಮೈಗೆ ಎಷ್ಟು ಮೆತ್ತಿಕೊಂಡಿದೆ, ಒಳಗೆ ಎಷ್ಟು ತೂತು, ಇವೆಲ್ಲ ಸೇರಿ ಹರಿವನ್ನು ತೀರ್ಮಾನಿಸುತ್ತವೆ.

ಈಗ ನನ್ನ ಪ್ರಶ್ನೆ. ಹೊರಮೈಯ ಮದ್ದು ಒಮ್ಮೆಲೇ ಬರುವುದಕ್ಕೆ ‘ಮೊದಲ ಸುರಿತ’ ಎನ್ನಬಹುದೇ? ಇಂಗ್ಲಿಷಿನ ‘ಬರ್ಸ್ಟ್’ ನೋಡಿ ‘ಸ್ಫೋಟ’ ಎಂದರೆ ಇಂಜೆಕ್ಷನ್ ಚುಚ್ಚಿಸಿಕೊಳ್ಳುವವರು ಬೆಚ್ಚಿಬೀಳುತ್ತಾರೆ. ತೂತುಗಳಿಂದ ಬರುವುದಕ್ಕೆ ‘ಒಸರು’ ನನಗೆ ಬಹಳ ಹಿಡಿಸಿದೆ: ಮಳೆ ನಿಂತು ಎಷ್ಟೋ ದಿನವಾದರೂ ಗದ್ದೆಯ ಬದುವಿನಲ್ಲಿ ನೀರು ಒಸರುತ್ತಲೇ ಇರುತ್ತದಲ್ಲ, ಹಾಗೆ. ‘ಸೋರು’ ಎಂದರೆ ಏನೋ ಕೆಟ್ಟಿದೆ ಎಂಬ ಧ್ವನಿ.

ತೊಡಕಾಗಿರುವುದು ಗುಂಡು ಒಡೆಯುವ ಕ್ರಿಯೆ. ಎಲ್ಲರೂ ‘ಕರಗುತ್ತದೆ’ ಎನ್ನುತ್ತಾರೆ, ‘ಕರಗುವ ಹೊಲಿಗೆ’ ಎನ್ನುವ ಹಾಗೆ. ಕಲ್ಲುಸಕ್ಕರೆ ಕರಗಿದರೂ ಸಕ್ಕರೆಯೇ. ಇದು ಹಾಗಲ್ಲ, ನೀರು ತಗುಲಿ ಸರಪಳಿ ತುಂಡಾಗಿ ಲ್ಯಾಕ್ಟಿಕ್ ಮತ್ತು ಗ್ಲೈಕೊಲಿಕ್ ಆಮ್ಲವಾಗುತ್ತದೆ. ಮರದ ತೊಲೆ ‘ಲಡ್ಡಾಗು’ವುದು (ಶಿಥಿಲವಾಗುವುದು) ಅರ್ಥಕ್ಕೆ ಹತ್ತಿರ, ಆದರೆ ಮೈಯೊಳಗಿನ ವಸ್ತುವಿಗೆ ಅದನ್ನು ಬರೆಯಲು ಕೈ ಬಾರದು. ‘ಜೀರ್ಣ’ ಎಂದರೆ ಹೊಟ್ಟೆ ನೆನಪಾಗುತ್ತದೆ.

ಸದ್ಯಕ್ಕೆ ‘ತಡೆದು ಒಸರುವ ಮದ್ದು’ ಎಂದು ತಿದ್ದಿದ್ದೇನೆ. ನಾಲ್ಟ್ರೆಕ್ಸೋನ್‌ನಂಥದಕ್ಕೆ ಬರೀ ‘ಒಸರುವ ಮದ್ದು’. ಬಯಲುಸೀಮೆಯವರಿಗೆ, ಕಲ್ಯಾಣ ಕರ್ನಾಟಕದವರಿಗೆ ‘ಒಸರು’ ಬಳಕೆಯಲ್ಲಿದೆಯೇ? ‘ಜಿನುಗು’ ಹೆಚ್ಚು ಹತ್ತಿರವೇ? ನಿಮ್ಮ ಮನೆಮಾತಿನಲ್ಲಿ ಏನೆನ್ನುತ್ತೀರಿ, ದಯವಿಟ್ಟು ಬರೆಯಿರಿ.