ಸಹಾಯ ಬೇಕು: ಟೋಕಿಯೊದಲ್ಲಿ ಸಸ್ಯಾಹಾರದ ಊಟ ಮುಂಗಡ ಕಾಯ್ದಿರಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಬರುವ ನವೆಂಬರಿನಲ್ಲಿ ಅತ್ತೆಯವರೊಂದಿಗೆ ನಾವು ನಾಲ್ವರು ಆರು ದಿನ ಟೋಕಿಯೊದಲ್ಲಿ, ಉಎನೊ ನಿಲ್ದಾಣದ ಬಳಿ ಇರುತ್ತೇವೆ. ಅತ್ತೆಯವರು ಮೊಟ್ಟೆಯನ್ನೂ ಮುಟ್ಟುವವರಲ್ಲ. ಅಲ್ಲಿ ತರಕಾರಿ ಬೇಯಿಸುವ ರಸಕ್ಕೂ, ಸೋಬಾ ಶ್ಯಾವಿಗೆಯನ್ನು ಅದ್ದಿ ತಿನ್ನುವ ಸಾರಿಗೂ ಸಾಮಾನ್ಯವಾಗಿ ಒಣಮೀನಿನಿಂದ ತೆಗೆದ ದಾಶಿ ಎಂಬ ತಿಳಿಸಾರೇ ಆಧಾರವಾದ್ದರಿಂದ, ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಸಾಲದೆಂದು ಬಲ್ಲೆ. ಬೌದ್ಧ ಮಠಗಳ ಶೋಜಿನ್ ರ್ಯೋರಿ ಅಡುಗೆಯಲ್ಲಿ ಕೊಂಬು ಎಂಬ ಕಡಲಪಾಚಿ ಮತ್ತು ಶಿಟಾಕೆ ಅಣಬೆಯಿಂದ ದಾಶಿ ಮಾಡುತ್ತಾರೆ. ಸಂಪ್ರದಾಯದಂತೆ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ (ಇದನ್ನು ಕೇಳಿದ ಮೇಲೆಯೇ ಅತ್ತೆಯವರು ಪ್ರವಾಸಕ್ಕೆ ಒಪ್ಪಿದ್ದು). ಒಂದು ಮಧ್ಯಾಹ್ನವಾದರೂ ಅಂಥ ಊಟ ಮಾಡಿಸಬೇಕೆಂಬ ಆಸೆ.

ತಬೆಲಾಗ್ ಎಂಬ, ಊಟದ ಮನೆಗಳಿಗೆ ಅಂಕ ಕೊಡುವ ಜಪಾನಿ ಜಾಲತಾಣದಲ್ಲಿ 3.5 ಅಂಕವೇ ಒಳ್ಳೆಯದೆಂದು ತಿಳಿಯುವವರೆಗೆ, ನಮ್ಮೂರಿನ 4.5ರ ರೂಢಿಯಲ್ಲಿ ಹುಡುಕಿ ಸೋತಿದ್ದೆ. ಕೊನೆಗೆ ಆರಿಸಿದ ಒಂದು ಕಡೆ ದಿನಾಂಕ, ಹೊತ್ತು, ಜನರ ಸಂಖ್ಯೆ ಎಲ್ಲವನ್ನೂ ತುಂಬಿದ ಮೇಲೆ ಆ ತಾಣವು ಜಪಾನಿನ ಫೋನ್ ಸಂಖ್ಯೆಯನ್ನೂ ಕಟಕಾನ ಲಿಪಿಯಲ್ಲಿ ಹೆಸರನ್ನೂ ಕೇಳಿತು, ಅಲ್ಲಿಗೇ ನಿಂತಿದ್ದೇನೆ.

ಹೊರಡುವ ಮೊದಲೇ ನಾವು ತಂಗುವ ಹೋಟೆಲಿನವರಿಗೆ ಮಿಂಚಂಚೆ ಬರೆದರೆ ನಮ್ಮ ಪರವಾಗಿ ಕಾಯ್ದಿರಿಸಿಕೊಡುತ್ತಾರೆಯೇ? ಮೀನಿನ ದಾಶಿಯೂ ಬೇಡವೆಂದು ಜಪಾನಿ ಭಾಷೆಯಲ್ಲಿ ವಿನಯದಿಂದ ಬರೆದ ಒಂದೆರಡು ವಾಕ್ಯಗಳಿದ್ದರೆ ದಯವಿಟ್ಟು ಹಂಚಿಕೊಳ್ಳಿ. ಉಎನೊ, ಅಸಕುಸ ಆಸುಪಾಸಿನಲ್ಲಿ ನೀವೇ ಉಂಡು ಬಂದ ಜಾಗವಿದ್ದರೆ ಹೆಸರು ತಿಳಿಸಿ.