ದುರ್ಗದಲ್ಲಿ ಕಾರು ನಿಂತಿದೆ, ಹೊಸ ಬ್ಯಾಟರಿ ಹಾಕಿಸಿ ಹೊಸಪೇಟೆಗೆ ಹೋಗಬಹುದಾ?

ಮೈಸೂರು ಪಯಣಿಗ

ಎಲ್ಲರಿಗೂ ನಮಸ್ಕಾರ. ಮೈಸೂರಿನಿಂದ ಹಂಪಿಗೆ ಹೊರಟವರು ಚಿತ್ರದುರ್ಗದಲ್ಲಿ ಸಿಕ್ಕಿಹಾಕಿಕೊಂಡಿದ್ದೇವೆ. ನಾಗಮಂಗಲ, ಹುಳಿಯಾರು ದಾರಿಯಲ್ಲಿ ಬಂದು ಹಿರಿಯೂರಿನಲ್ಲಿ ದೊಡ್ಡ ಹೆದ್ದಾರಿ ಸೇರುವವರೆಗೂ ಗಾಡಿ ಚೆನ್ನಾಗಿಯೇ ಇತ್ತು. ಐಮಂಗಲದ ಹತ್ತಿರ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಬ್ಯಾಟರಿ ಗುರುತು ಮಿಣುಕಲು ಶುರುವಾಯಿತು. ಕತ್ತಲಾಗುತ್ತಿತ್ತು, ಹೆಡ್‌ಲೈಟ್ ಹಾಕಿದ ಮೇಲೆ ಆ ಗುರುತು ಆರಲೇ ಇಲ್ಲ. ಆಮೇಲೆ ಬ್ಲೋವರ್ ನಿಧಾನವಾಯಿತು, ಹಾಡು ತಾನಾಗಿಯೇ ನಿಂತಿತು, ಹೆಡ್‌ಲೈಟ್ ಹಳದಿಗೆ ತಿರುಗಿತು, ಊರೊಳಗೆ ಬರುವಷ್ಟರಲ್ಲಿ ಸ್ಟೇರಿಂಗ್ ಕೂಡ ಬಿಗಿಯಾಯಿತು. ಹೇಗೋ ಲಾಡ್ಜ್ ಮುಂದೆ ತಂದು ನಿಲ್ಲಿಸಿದೆ. ಬೆಳಿಗ್ಗೆ ಕೀ ತಿರುಗಿಸಿದರೆ ಟಕ ಟಕ ಅನ್ನುತ್ತದೆ ಅಷ್ಟೇ, ಸೆಲ್ಫ್ ಹೊಡೆಯುತ್ತಿಲ್ಲ.

ಪೆಟ್ರೋಲ್ ಗಾಡಿ, ಮ್ಯಾನ್ಯುವಲ್ ಗೇರ್, ಆರು ವರ್ಷ ಹಳೆಯದು. 35 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿ, ಕಳೆದ ವರ್ಷವಷ್ಟೇ ಹಾಕಿಸಿದ್ದು. ಹತ್ತಿರದ ಬ್ಯಾಟರಿ ಅಂಗಡಿಯವರು ಬಂದು ನೋಡಿ "ಬ್ಯಾಟರಿ ಹೋಗಿದೆ ಸರ್, ಹೊಸದು ಹಾಕಿ ಹೊರಡಿ" ಅಂದರು. ಮೀಟರ್ ಗೀಟರ್ ಏನೂ ಇಟ್ಟು ನೋಡಲಿಲ್ಲ. ಜೊತೆಯಲ್ಲಿ ಅತ್ತೆ ಮಾವ, ಇಬ್ಬರು ಮಕ್ಕಳು ಇದ್ದಾರೆ, ಇವತ್ತು ಭಾನುವಾರ ಬೇರೆ. ಹೊಸ ಬ್ಯಾಟರಿ ಹಾಕಿಸಿಕೊಂಡು ಹೊಸಪೇಟೆ ಮುಟ್ಟಿ, ಅಲ್ಲಿ ನಿಧಾನವಾಗಿ ತೋರಿಸಿದರೆ ಆಗುತ್ತದಾ? ಇಲ್ಲಾ ಇಲ್ಲೇ ರಿಪೇರಿ ಮಾಡಿಸಬೇಕಾ?

ಕೋಟೆ ಹುಡುಗ

ಸರ್, ದುಡ್ಡು ಕೊಡುವ ಮೊದಲು ಸ್ವಲ್ಪ ತಡೆಯಿರಿ. ಆ ಕೆಂಪು ಗುರುತು ಬ್ಯಾಟರಿ ಚಿತ್ರದಲ್ಲಿದ್ದರೂ ಅದು ಬ್ಯಾಟರಿ ಕೆಟ್ಟಿದೆ ಅಂತ ಹೇಳುತ್ತಿಲ್ಲ, ಚಾರ್ಜ್ ಬರುತ್ತಿಲ್ಲ ಅಂತ ಹೇಳುತ್ತಿದೆ. ಇಂಜಿನ್ ಓಡುವಾಗ ಕರೆಂಟ್ ಕೊಡಬೇಕಾದದ್ದು ಆಲ್ಟರ್ನೇಟರ್, ಗ್ಯಾರೇಜಿನಲ್ಲಿ ಡೈನಮೋ ಅಂತ ಕೇಳಿ. ಅದು ನಿಂತ ಮೇಲೆ ನಿಮ್ಮ ಗಾಡಿ ಐಮಂಗಲದಿಂದ ಇಲ್ಲಿಯವರೆಗೆ ಬಂದದ್ದು ಬ್ಯಾಟರಿಯಲ್ಲಿ ಇದ್ದದ್ದನ್ನು ಖಾಲಿ ಮಾಡಿಕೊಂಡು. ನಲ್ಲಿಯಲ್ಲಿ ನೀರು ನಿಂತ ಮೇಲೆ ಸಂಪಿನ ನೀರಲ್ಲೇ ಮನೆ ನಡೆಸಿದ ಹಾಗೆ. ಹೊಸ ಬ್ಯಾಟರಿ ಹಾಕಿದರೆ ಅದೂ ಖಾಲಿಯಾಗುತ್ತದೆ ಅಷ್ಟೇ.

ಮೊದಲು ಬಾನೆಟ್ ಎತ್ತಿ ಡೈನಮೋ ತಿರುಗಿಸುವ ಬೆಲ್ಟ್ ನೋಡಿ. ಹರಿದಿದೆಯಾ, ಸಡಿಲವಾಗಿದೆಯಾ, ಎಣ್ಣೆ ತಾಗಿ ಜಾರುತ್ತಿದೆಯಾ. ಬೆಲ್ಟೇ ಹೋಗಿದ್ದರೆ ಯಾವ ಕಾರಣಕ್ಕೂ ಸ್ಟಾರ್ಟ್ ಮಾಡಬೇಡಿ, ಎಷ್ಟೋ ಗಾಡಿಗಳಲ್ಲಿ ವಾಟರ್ ಪಂಪ್ ತಿರುಗುವುದೂ ಅದರಲ್ಲೇ, ಇಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಹೋದರೆ ಹಂಪಿ ಮುಂದಿನ ವರ್ಷಕ್ಕೆ. ಬ್ಯಾಟರಿ ಟರ್ಮಿನಲ್ ಎರಡನ್ನೂ ಕೈಯಲ್ಲಿ ಅಲ್ಲಾಡಿಸಿ ನೋಡಿ, ಬಿಳಿ ಪುಡಿ ಕಟ್ಟಿದ್ದರೆ ಬಿಸಿನೀರು ಹಾಕಿ ತೊಳೆಯಿರಿ. ನೆಗೆಟಿವ್ ವೈರ್ ಬಾಡಿಗೆ ಬೋಲ್ಟ್ ಆಗಿರುವ ಜಾಗವನ್ನೂ ನೋಡಿ.

ಇಷ್ಟಾದ ಮೇಲೆ ಮಲ್ಟಿಮೀಟರ್ ಇರುವ ಯಾರನ್ನಾದರೂ ಕರೆಸಿ. ಇಂಜಿನ್ ನಿಂತಾಗ ತುಂಬಿದ ಬ್ಯಾಟರಿ 12.6 ವೋಲ್ಟ್ ಹತ್ತಿರ ತೋರಿಸಬೇಕು, 12.2 ಅಂದರೆ ಅರ್ಧ ಖಾಲಿ, 12ಕ್ಕಿಂತ ಕೆಳಗೆ ಅಂದರೆ ಬಹುತೇಕ ಮುಗಿದಿದೆ. ಇಂಜಿನ್ ಓಡುವಾಗ 13.8ರಿಂದ 14.5ರ ಒಳಗೆ ಬರಬೇಕು. ಆಗಲೂ 12 ಚಿಲ್ಲರೆಯಲ್ಲೇ ಇದ್ದು ಕೆಳಗೆ ಇಳಿಯುತ್ತಾ ಹೋದರೆ ಡೈನಮೋ ಕಡೆಯದೇ ತೊಂದರೆ. ಎರಡು ನಿಮಿಷದ ಕೆಲಸ ಇದು, ಇದನ್ನೂ ಮಾಡದೆ ಬ್ಯಾಟರಿ ಮಾರಲು ಬರುವವರನ್ನು ನಂಬಬೇಡಿ.

ಭಾನುವಾರ ಊರೊಳಗೆ ಬಾಗಿಲು ಮುಚ್ಚಿರಬಹುದು. ಚಳ್ಳಕೆರೆ ಗೇಟ್ ಕಡೆ, ಇಲ್ಲಾ ಬೈಪಾಸ್ ಪಕ್ಕ ಲಾರಿಗಳ ಕೆಲಸ ಮಾಡುವ ಆಟೋ ಎಲೆಕ್ಟ್ರಿಷಿಯನ್ ಯಾರಿದ್ದಾರೆ ಅಂತ ವಿಚಾರಿಸಿ. ಲಾರಿಯವರಿಗೆ ಭಾನುವಾರ ಅಂತ ಏನಿಲ್ಲ.

ಬೆಣ್ಣೆನಗರಿ

ಮೇಲಿನವರು ಹೇಳಿದ್ದು ಸರಿ. ಆದರೆ ಬ್ಯಾಟರಿ ಮೇಲೆ ಗಾಡಿ ಓಡುವುದೇ ಇಲ್ಲ ಅಂತೇನಿಲ್ಲ, ಎಷ್ಟು ದೂರ ಅನ್ನುವುದೇ ಪ್ರಶ್ನೆ. ಲೆಕ್ಕ ಹಾಕಿ ನೋಡೋಣ. ಫ್ಯುಯೆಲ್ ಪಂಪ್, ಇಗ್ನಿಷನ್, ಇಂಜೆಕ್ಟರ್, ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಎಲ್ಲಾ ಸೇರಿ ಸುಮಾರು 10 ಆಂಪಿಯರ್ ಹಿಡಿಯಿರಿ. 55 ವ್ಯಾಟಿನ ಹೆಡ್‌ಲೈಟ್ ಜೋಡಿಗೆ ಇನ್ನೊಂದು 9. ಬ್ಲೋವರ್ ಜೋರಾಗಿ ಇಟ್ಟರೆ ಮತ್ತೆ 10ರ ಮೇಲೆ, ರೇಡಿಯೇಟರ್ ಫ್ಯಾನ್ ತಿರುಗಿದಾಗಲೆಲ್ಲಾ ಅಷ್ಟೇ. ಎಸಿ ಹಾಕಿದರೆ ಆ ಫ್ಯಾನ್ ಸುಮ್ಮನಿರುವುದೇ ಇಲ್ಲ. 35 ಎಎಚ್ ಅಂತ ಬರೆದಿದ್ದರೂ ಪೂರ್ತಿ ಬಳಸಲು ಆಗಲ್ಲ, ವೋಲ್ಟೇಜ್ ಇಳಿದರೆ ಅದಕ್ಕೂ ಮೊದಲೇ ಇಸಿಯು ಕೈ ಎತ್ತುತ್ತದೆ. 25 ಸಿಕ್ಕರೆ ಪುಣ್ಯ. ಅಂದರೆ ಹಗಲಲ್ಲಿ ಎಸಿ, ಲೈಟ್, ಹಾಡು, ಮೊಬೈಲ್ ಚಾರ್ಜರ್ ಎಲ್ಲಾ ಬಂದ್ ಮಾಡಿ ಓಡಿಸಿದರೆ ಒಂದೂವರೆ ಎರಡು ಗಂಟೆ. ರಾತ್ರಿಯಾದರೆ ಒಂದು ಗಂಟೆ ಬರುವುದೇ ಕಷ್ಟ.

ದುರ್ಗದಿಂದ ಹೊಸಪೇಟೆ ಹತ್ತಿರ ಹತ್ತಿರ 140 ಕಿ.ಮೀ., ಎರಡೂವರೆ ಗಂಟೆಯ ದಾರಿ. ಕೂಡ್ಲಿಗಿ ಆಸುಪಾಸಿನಲ್ಲಿ ನಿಂತುಬಿಡುತ್ತೀರಿ, ಬಿಸಿಲಲ್ಲಿ ಅತ್ತೆ ಮಾವನ ಮುಖ ನೋಡಬೇಕಾಗುತ್ತದೆ. ನಮ್ಮ ದಾವಣಗೆರೆ 60 ಕಿ.ಮೀ., ಪೂರ್ತಿ ಚಾರ್ಜ್ ಮಾಡಿದ ಬ್ಯಾಟರಿಯಲ್ಲಿ ಹಗಲು ಹೊತ್ತು ಆರಾಮಾಗಿ ಬರಬಹುದು. ದುರ್ಗದಲ್ಲಿ ಯಾರೂ ಸಿಗದಿದ್ದರೆ ಮಾತ್ರ ಈ ಕಡೆ ಬನ್ನಿ, ಪಿ.ಬಿ. ರಸ್ತೆಯಲ್ಲಿ ಕೇಳಿದರೆ ಯಾರಾದರೂ ತೋರಿಸುತ್ತಾರೆ. ದಾರಿಯಲ್ಲಿ ಎಲ್ಲೂ ಇಂಜಿನ್ ಆಫ್ ಮಾಡಬೇಡಿ, ಟೋಲಿನಲ್ಲೂ ಅಷ್ಟೇ. ಒಂದು ಸಲ ಸೆಲ್ಫ್ ಹೊಡೆಯಲು ಹೋಗುವ ಕರೆಂಟ್ ಸಣ್ಣದಲ್ಲ.

ಇನ್ನೊಂದು ಮಾತು, ಈ ಹೆದ್ದಾರಿಯಲ್ಲಿ ಸಹಾಯಕ್ಕೆ ನಿಲ್ಲುವವರು ಲಾರಿಯವರೇ. ಒಳ್ಳೆಯ ಜನ. ಆದರೆ ದೊಡ್ಡ ಲಾರಿಯಲ್ಲಿ ಎರಡು ಬ್ಯಾಟರಿ ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ, ಅದರಿಂದ ನೇರವಾಗಿ ಜಂಪ್ ಕೊಟ್ಟರೆ (ಕೇಬಲ್ ಹಾಕಿ ಅವರ ಬ್ಯಾಟರಿಯಿಂದ ಸ್ಟಾರ್ಟ್ ಮಾಡಿದರೆ) ನಿಮ್ಮ ಇಸಿಯು ಸುಟ್ಟು ಹೋಗುತ್ತದೆ. ಕಾರಿನಿಂದಲೇ ಜಂಪ್ ತಗೊಳ್ಳಿ. ಕೆಂಪು ಕೇಬಲ್ ಮೊದಲು ನಿಮ್ಮ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಅವರ ಪ್ಲಸ್‌ಗೆ, ಕಪ್ಪು ಅವರ ಮೈನಸ್‌ಗೆ, ಕೊನೆಯ ತುದಿ ನಿಮ್ಮ ಇಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ. ಬಿಚ್ಚುವಾಗ ಹಿಂದುಮುಂದಾಗಿ. ಡೈನಮೋ ಹೋಗಿದ್ದರೆ ಜಂಪ್‌ನಿಂದ ಗಾಡಿ ಸ್ಟಾರ್ಟ್ ಆದರೂ ಕೇಬಲ್ ತೆಗೆದ ಸ್ವಲ್ಪ ಹೊತ್ತಿಗೆ ಮತ್ತೆ ನಿಲ್ಲುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡಿ.

ಲಾರಿ ಮಂಜಿ

24 ವೋಲ್ಟ್ ಲಾರಿಯಲ್ಲೂ ಬಾಡಿಗೆ ಅರ್ಥ್ ಆಗಿರುವ ಒಂದೇ ಬ್ಯಾಟರಿಗೆ ಕೇಬಲ್ ಹಾಕಿದರೆ 12 ವೋಲ್ಟ್ ಸಿಗುತ್ತದೆ, ನಾವು ಕೊಟ್ಟಿದ್ದೇವೆ, ಏನೂ ಆಗಿಲ್ಲ.

ಬೆಣ್ಣೆನಗರಿ

ಅಣ್ಣ, ನಿಮಗೆ ಗೊತ್ತು, ನೀವು ಮಾಡುತ್ತೀರಿ. ಕತ್ತಲಲ್ಲಿ ಟಾರ್ಚ್ ಹಿಡಿದು ಯಾವುದು ಯಾವ ಬ್ಯಾಟರಿ ಅಂತ ಹುಡುಕುವ ಮೈಸೂರಿನವರಿಗೆ ಇದು ಬೇಡ ಬಿಡಿ.

ಮೈಸೂರು ಪಯಣಿಗ

ಎಲ್ಲರಿಗೂ ಥ್ಯಾಂಕ್ಸ್. ಬೆಲ್ಟ್ ಸರಿಯಾಗಿದೆ, ಬಿಗಿಯಾಗಿಯೂ ಇದೆ. ಬೇರೆ ಒಬ್ಬರು ಮೀಟರ್ ತಂದು ನೋಡಿದರು, ನನ್ನ ಬ್ಯಾಟರಿ 11.4 ತೋರಿಸಿತು. ಅದನ್ನು ಚಾರ್ಜ್‌ಗೆ ತಗೊಂಡು ಹೋಗಿ ಸರ್ವಿಸ್ ಬ್ಯಾಟರಿ ಕೊಟ್ಟಿದ್ದಾರೆ. ಅದು 12.6 ಇತ್ತು, ಇಂಜಿನ್ ಓಡುವಾಗ 12.3, ಹೆಡ್‌ಲೈಟ್ ಹಾಕಿದರೆ 11.9. ಅಲ್ಲಿಗೆ ಡೈನಮೋ ಅಂತ ಆಯಿತು ಅಲ್ವಾ? ಇವರು "ಬಿಚ್ಚಿ ನೋಡಿದರೆ ಸರಿಯಾಗಬಹುದು" ಅನ್ನುತ್ತಾರೆ, ಇನ್ನೊಬ್ಬರು ಫೋನಿನಲ್ಲಿ "ಪೂರ್ತಿ ಹೊಸದೇ ಹಾಕಬೇಕು, ನಾಳೆ ತರಿಸಬೇಕು" ಅನ್ನುತ್ತಾರೆ.

ಹಳೇ ಎಲೆಕ್ಟ್ರಿಷಿಯನ್, ಹರಿಹರ

ಬಿಚ್ಚಿಸಿ. ಆರು ವರ್ಷದ ಗಾಡಿಯಲ್ಲಿ, ಮೊದಲು ಮಿಣುಕಿ ಆಮೇಲೆ ಪೂರ್ತಿ ನಿಂತಿದೆ ಅಂದರೆ ನನಗೆ ಮೊದಲ ಅನುಮಾನ ಕಾರ್ಬನ್ ಬ್ರಷ್ ಮೇಲೆ. ಡೈನಮೋ ಒಳಗೆ ತಿರುಗುವ ರೋಟರ್‌ಗೆ ಕರೆಂಟ್ ಮುಟ್ಟಿಸುವುದು ಎರಡು ಪುಟ್ಟ ಕಾರ್ಬನ್ ತುಂಡು. ರೋಟರ್ ಮೇಲಿನ ಲೋಹದ ಬಳೆ, ಅಂದರೆ ಸ್ಲಿಪ್ ರಿಂಗ್ ಮೇಲೆ ಉಜ್ಜಿ ಉಜ್ಜಿ ಅವು ಸವೆಯುತ್ತವೆ, ಗಿಡ್ಡ ಆದ ಮೇಲೆ ಸ್ಪ್ರಿಂಗ್ ಒತ್ತಿದರೂ ಸರಿಯಾಗಿ ತಾಗುವುದಿಲ್ಲ. ರಸ್ತೆ ಕುಲುಕಿದಾಗ ತಾಗುತ್ತದೆ, ಬಿಡುತ್ತದೆ. ಅದಕ್ಕೇ ಆ ಮಿಣುಕಾಟ. ಇದು ಕೆಲವು ನೂರು ರೂಪಾಯಿಯ ಸಾಮಾನು, ಹೊಸ ಡೈನಮೋ ಅಂದರೆ ಸಾವಿರಗಳ ಮಾತು.

ಬಿಚ್ಚುವ ಮೊದಲು ಡೈನಮೋಗೆ ಹೋಗುವ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಸಡಿಲವಾಗಿದೆಯಾ, ಹಿಂಭಾಗದ ದಪ್ಪ ವೈರಿನ ನಟ್ ಬಿಗಿಯಿದೆಯಾ, ಅದರ ದೊಡ್ಡ ಫ್ಯೂಸ್ ಹೋಗಿದೆಯಾ ಅಂತ ನೋಡಲು ಹೇಳಿ. ಫ್ಯೂಸ್ ಹೋಗಿದ್ದಕ್ಕೆ ಡೈನಮೋ ಇಳಿಸಿದವರನ್ನೂ ಕಂಡಿದ್ದೇನೆ.

ಬ್ರಷ್ ಚೆನ್ನಾಗಿದ್ದರೆ ಮುಂದಿನದು ಕಟೌಟ್, ಅಂದರೆ ವೋಲ್ಟೇಜ್ ಹದದಲ್ಲಿಡುವ ರೆಗ್ಯುಲೇಟರ್. ಎಷ್ಟೋ ಮಾಡೆಲ್‌ಗಳಲ್ಲಿ ಬ್ರಷ್ಷೂ ಅದೂ ಒಂದೇ ತುಂಡಾಗಿ ಬರುತ್ತದೆ. ಆಮೇಲೆ ಡೈನಮೋದ ಎಸಿ ಕರೆಂಟನ್ನು ಡಿಸಿ ಮಾಡುವ ಡಯೋಡ್ ಪ್ಲೇಟ್. ಡಯೋಡ್ ಲೀಕ್ ಆಗಿದ್ದರೆ ಗಾಡಿ ನಿಂತಾಗಲೂ ಬ್ಯಾಟರಿ ಇಳಿಯುತ್ತದೆ, ರಾತ್ರಿಯೆಲ್ಲಾ ನಿಂತ ಗಾಡಿಯ ಡೈನಮೋ ಬೆಳಿಗ್ಗೆ ಮುಟ್ಟಿದರೆ ಬೆಚ್ಚಗಿರುತ್ತದೆ. ಒಳಗೆ ಕಾಯಿಲ್ ಸುಟ್ಟು ವಾಸನೆ ಬರುತ್ತಿದ್ದರೆ ಆಗ ಮಾತ್ರ ಪೂರ್ತಿ ಬದಲಿಸುವ ಮಾತಾಡಿ. ಬೇರಿಂಗ್ ಗೊರಗೊರ ಅನ್ನುತ್ತಿದ್ದರೆ ಹೇಗೂ ಬಿಚ್ಚಿದ್ದಾರೆ, ಅದನ್ನೂ ಹಾಕಿಸಿಬಿಡಿ. ತೆಗೆದ ಹಳೆಯ ತುಂಡನ್ನು ಕೈಗೆ ಕೊಡಿ ಅಂತ ಕೇಳಿ, ಕೊಡಲು ಹಿಂದೆಮುಂದೆ ನೋಡಿದರೆ ಅರ್ಥ ಮಾಡಿಕೊಳ್ಳಿ.

ಒಂದು ವಿಷಯಕ್ಕೆ ಮಾತ್ರ ಒಪ್ಪಬೇಡಿ. ಕೆಲವರು ಇಂಜಿನ್ ಓಡುವಾಗಲೇ ಬ್ಯಾಟರಿ ಟರ್ಮಿನಲ್ ಕಿತ್ತು "ಗಾಡಿ ನಿಂತರೆ ಡೈನಮೋ ಹೋಗಿದೆ" ಅಂತ ತೋರಿಸುತ್ತಾರೆ. ಅಂಬಾಸಿಡರ್ ಕಾಲದಲ್ಲಿ ನಡೆಯುತ್ತಿತ್ತು. ಈಗಿನ ಗಾಡಿಯಲ್ಲಿ ಬ್ಯಾಟರಿ ಕಳಚಿದ ಕ್ಷಣಕ್ಕೆ ವೋಲ್ಟೇಜ್ ಜಿಗಿದು ಇಸಿಯು, ಮೀಟರ್ ಬೋರ್ಡು ಎಲ್ಲಾ ಹಾಳಾಗಬಹುದು. ಡೈನಮೋ ಬಿಚ್ಚುವಾಗಲೂ ಮೊದಲು ಬ್ಯಾಟರಿಯ ಮೈನಸ್ ತೆಗೆಯಲಿ, ಅದರ ದಪ್ಪ ವೈರಿಗೆ ಸದಾ ಕರೆಂಟ್ ಇರುತ್ತದೆ.

ಸಿಕ್ಕಿದ ಸಮಯದಲ್ಲಿ ಮನೆಯವರನ್ನು ಕೋಟೆಗೆ ಕರೆದುಕೊಂಡು ಹೋಗಿ ಬನ್ನಿ. ಮಕ್ಕಳಿಗೆ ಓಬವ್ವನ ಕಿಂಡಿ ತೋರಿಸಿ. ಗ್ಯಾರೇಜಿನಲ್ಲಿ ತಲೆ ಮೇಲೆ ನಿಂತರೆ ಕೆಲಸವೇನೂ ಬೇಗ ಆಗಲ್ಲ.

ಗಾಳಿಗಿರಣಿ

ಕೆಲಸದ ಮೇಲೆ ಬೆಂಗಳೂರು ದಾವಣಗೆರೆ ಒಬ್ಬಳೇ ಓಡಾಡುತ್ತಿರುತ್ತೇನೆ, ಅದಕ್ಕೇ ಒಂದು ಮಾತು. ಇಲ್ಲಿ ಎಲ್ಲರೂ ವೋಲ್ಟ್ ಆಂಪಿಯರ್ ಹೇಳಿದರು, ಜನರನ್ನು ಮರೆತರು 🙂 ಕೆಂಪು ಗುರುತು ಹತ್ತಿ ಲೈಟ್ ಮಂಕಾಗುತ್ತಿದ್ದರೆ "ಇನ್ನೊಂದು ಹತ್ತು ಕಿಲೋಮೀಟರ್" ಅಂತ ಎಳೆಯಬೇಡಿ. ಬೆಳಕಿರುವ ಬಂಕ್, ಡಾಬಾ, ಟೋಲ್ ಯಾವುದು ಮೊದಲು ಸಿಗುತ್ತದೋ ಅಲ್ಲಿ ಒಳಗೆ ತಿರುಗಿಸಿ. ಪವರ್ ಪೂರ್ತಿ ಹೋದ ಮೇಲೆ ಹಜಾರ್ಡ್ ಲೈಟ್ ಕೂಡ ಹತ್ತುವುದಿಲ್ಲ, ಹಿಂದಿನ ಲಾರಿಗೆ ನೀವು ಕಾಣುವುದೇ ಇಲ್ಲ. ಕಿಟಕಿಯನ್ನು ಮೊದಲೇ ಸ್ವಲ್ಪ ಇಳಿಸಿ, ಪವರ್ ವಿಂಡೋ ಆಮೇಲೆ ಕೆಲಸ ಮಾಡಲ್ಲ. ಬಟನ್ ಸ್ಟಾರ್ಟ್ ಗಾಡಿ ಇರುವವರು ರಿಮೋಟ್ ಒಳಗಿನ ಕಬ್ಬಿಣದ ಕೀ ಹೇಗೆ ತೆಗೆಯುವುದು ಅಂತ ಮನೆಯಲ್ಲೇ ನೋಡಿಟ್ಟುಕೊಳ್ಳಿ.

ರಸ್ತೆಯಲ್ಲೇ ನಿಲ್ಲಬೇಕಾಗಿ ಬಂದರೆ ಎಡಕ್ಕೆ ಪೂರ್ತಿ ಇಳಿಸಿ, ತ್ರಿಕೋನವನ್ನು ಗಾಡಿಗೆ ಅಂಟಿಸಿದ ಹಾಗೆ ಇಡದೆ ಸಾಕಷ್ಟು ಹಿಂದೆ ಇಡಿ, ಮಕ್ಕಳು ಹಿರಿಯರು ಎಲ್ಲರೂ ಇಳಿದು ಕಂಬಿಯ ಆಚೆ ನಿಲ್ಲಲಿ. ಬಿಸಿಲು ಅಂತ ಗಾಡಿಯೊಳಗೆ ಕೂರಿಸಬೇಡಿ. ಹೆದ್ದಾರಿ ಸಹಾಯವಾಣಿ 1033, ಹತ್ತಿರದ ಕಿಲೋಮೀಟರ್ ಕಲ್ಲಿನ ನಂಬರ್ ಹೇಳಿದರೆ ಬೇಗ ಹುಡುಕುತ್ತಾರೆ. ಭಯವಾದರೆ 112. ಇನ್ಶೂರೆನ್ಸಿನಲ್ಲಿ ರೋಡ್‌ಸೈಡ್ ಅಸಿಸ್ಟೆನ್ಸ್ ಸೇರಿದೆಯಾ ಅಂತ ಈಗಲೇ ಪಾಲಿಸಿ ತೆಗೆದು ನೋಡಿ, ಎಷ್ಟೋ ಜನ ದುಡ್ಡು ಕಟ್ಟಿರುತ್ತಾರೆ, ಗೊತ್ತೇ ಇರಲ್ಲ.

ಮೈಸೂರು ಪಯಣಿಗ

ಬ್ರಷ್ಷೇ! ಒಂದು ಪೂರ್ತಿ ಸವೆದು ಬುಡಕ್ಕೆ ಬಂದಿತ್ತು. ಹಳೆಯ ತುಂಡು ಕೇಳುವ ಮೊದಲೇ ಕೈಗಿಟ್ಟರು. ಸ್ಲಿಪ್ ರಿಂಗ್ ಸವೆದಿಲ್ಲ, ಉಜ್ಜಿ ಕ್ಲೀನ್ ಮಾಡಿದ್ದಾರೆ, ಬೇರಿಂಗ್ ಚೆನ್ನಾಗಿದೆಯಂತೆ. ಈಗ ಇಂಜಿನ್ ಓಡುವಾಗ 14.2, ಎಸಿ ಮತ್ತು ಲೈಟ್ ಹಾಕಿದರೂ 13.9 ಇದೆ. ನನ್ನ ಬ್ಯಾಟರಿ ಇನ್ನೂ ಚಾರ್ಜ್‌ನಲ್ಲಿದೆ. ಸ್ಟಾರ್ಟ್ ಆದರೆ ಸಾಕು, ಓಡುತ್ತಾ ತಾನೇ ತುಂಬುತ್ತದೆ ಅಂತ ಈಗಲೇ ಹಾಕಿಕೊಂಡು ಹೊರಡಲಾ?

ಹಳೇ ಎಲೆಕ್ಟ್ರಿಷಿಯನ್, ಹರಿಹರ

ಬೇಡ, ತುಂಬಲಿ. ಖಾಲಿ ಬ್ಯಾಟರಿ ಹಾಕಿ ಹೊರಟರೆ ಡೈನಮೋ ಮೈಮೇಲೆ ಪೂರ್ತಿ ಭಾರ ಬೀಳುತ್ತದೆ, ಅದರ ಮೇಲೆ ಎಸಿ ಬೇರೆ. ಡಯೋಡ್ ಕಾದು ಹೋಗುವುದು ಹೀಗೆಯೇ. 11.4ಕ್ಕೆ ಇಳಿದ ಬ್ಯಾಟರಿ ಒಂದು ರಾತ್ರಿ ನಿಧಾನ ಚಾರ್ಜ್‌ನಲ್ಲಿ ಇದ್ದರೆ ಒಳ್ಳೆಯದು. ಲಾಡ್ಜ್ ಇನ್ನೊಂದು ರಾತ್ರಿ ಆಗುವುದಾದರೆ ಇರಿ, ಬೆಳಿಗ್ಗೆ ಹೊರಡಿ. ಆಗ ಚಾರ್ಜರ್ ಬಿಚ್ಚಿಟ್ಟು ಒಂದೆರಡು ಗಂಟೆ ಆದ ಮೇಲೂ 12.5ಕ್ಕಿಂತ ಮೇಲೆ ನಿಂತಿದ್ದರೆ ಬ್ಯಾಟರಿ ಬದುಕಿದೆ. 12ಕ್ಕೆ ಜಾರಿದ್ದರೆ ಬ್ಯಾಟರಿ ಚಾರ್ಜ್ ಹಿಡಿದಿಟ್ಟುಕೊಳ್ಳುತ್ತಿಲ್ಲ ಅಂತ, ಕಳೆದ ವರ್ಷದ್ದಾದರೆ ವಾರಂಟಿ ಕಾರ್ಡ್ ಹುಡುಕಿ.

ಕೋಟೆ ಹುಡುಗ

ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚುವ ಸಣ್ಣ ವೋಲ್ಟ್‌ಮೀಟರ್ ಸಿಗುತ್ತದೆ ಸರ್, ಒಂದು ತಗೊಳ್ಳಿ. ಓಡಿಸುತ್ತಾ 13.5ರ ಮೇಲಿದ್ದರೆ ಚಿಂತೆಯಿಲ್ಲ, ಕೆಲವು ಹೊಸ ಗಾಡಿಗಳು ತಾವೇ ಚಾರ್ಜ್ ಇಳಿಸಿ ಸ್ವಲ್ಪ ಹೊತ್ತು 12.8 ತೋರಿಸಿದರೂ ಗಾಬರಿ ಬೇಡ, ಕೆಂಪು ಗುರುತು ಬರದಿದ್ದರೆ ಆಯಿತು. ನಾಳೆ ಹೊರಟರೆ ಹೊಸಪೇಟೆ ಕಡೆ ತಿರುಗುವ ಮೊದಲೇ ತಿಂಡಿ ಮುಗಿಸಿಕೊಳ್ಳಿ. ಹಂಪಿಯಿಂದ ವಾಪಸ್ ಬರುವಾಗ ಬಳ್ಳಾರಿ, ಚಳ್ಳಕೆರೆ ದಾರಿಯಲ್ಲೂ ಹಿರಿಯೂರಿಗೆ ಬರಬಹುದು, ಆದರೆ ನಿಮ್ಮ ಬ್ರಷ್ ಹಾಕಿದವರು ಇರುವುದು ದುರ್ಗದಲ್ಲಿ, ಅದಕ್ಕೇ ಈ ದಾರಿಯಲ್ಲೇ ಬಂದು ಒಂದು ಸಲ ಮೀಟರ್ ಇಡಿಸಿಕೊಂಡು ಹೋಗಿ.